ತಂಗಡಿ ಗಿಡದ ನಿರ್ಜಲ ವ್ರತ

ಶಿವಕ್ಕನ ತಂಗಡಿ ಗಿಡಕ್ಕೆ ಯಾರೋ ಕದ್ದು ನೀರು ಹಾಕುತ್ತಿದ್ದರು.

ಇದೂ ಒಂದು ದೂರೇ ಅಂತ ನಗಬೇಡಿ. ರಾಜಾಜಿನಗರ ಮೂರನೇ ಬ್ಲಾಕಿನ ಆ ರಸ್ತೆಗೆ ಕಳ್ಳತನ ಹೊಸದೇನಲ್ಲ. ಬೆಳಗಿನ ಜಾವ ಪೂಜೆಗೆ ಅಂತ ಕಂಡವರ ಕಾಂಪೌಂಡಿನ ಹೂ ಕೀಳೋದನ್ನ ಅಲ್ಲಿ ಕಳ್ಳತನ ಅಂತಲೇ ಯಾರೂ ಅನ್ನುತ್ತಿರಲಿಲ್ಲ. ಮಡಿ ಉಟ್ಟ ದೊಡ್ಡ ಮನುಷ್ಯರೇ ಬೆತ್ತದ ಬುಟ್ಟಿ, ಕೊಕ್ಕೆ ಕೋಲು ಹಿಡಿದುಕೊಂಡು, ಬಾಯಲ್ಲಿ ಸ್ತೋತ್ರ ಹೇಳಿಕೊಂಡು ಬರುತ್ತಿದ್ದರು. ಆದರೆ ಬಂದು ಕೊಟ್ಟು ಹೋಗುವ ಕಳ್ಳರನ್ನ ಶಿವಕ್ಕ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ದಿನಾ ಎದ್ದು ಬಂದು ಗಿಡದ ಬುಡ ಮುಟ್ಟಿದರೆ ಮಣ್ಣು ತೊಪ್ಪೆ. ಎಲೆ ಹಳದಿ ತಿರುಗಿದೆ. ಮೊಗ್ಗಿನ ಸುಳಿವೇ ಇಲ್ಲ. ದೀಪಾವಳಿ ನೋಡಿದರೆ ಹತ್ತಿರ ಬರುತ್ತಾ ಇದೆ.

ತಂಗಡಿ ಅಂದರೆ ಗೊತ್ತಲ್ಲ, ಈ ಕಡೆಯವರು ಆವರಿಕೆ ಅಂತಾರೆ. ರಸ್ತೆ ಬದಿ, ಕಲ್ಲು ದಿಣ್ಣೆ, ಯಾರಿಗೂ ಬೇಡದ ಜಾಗ ನೋಡಿಕೊಂಡು ಸೊಂಟದೆತ್ತರ ಬೆಳೆದು, ಮೈತುಂಬ ಹಳದಿ ಗೊಂಚಲು ಬಿಡುವ ಗಿಡ. ದನ ಮೂಸಿ ನೋಡಿ ಮುಂದಕ್ಕೆ ಹೋಗುತ್ತೆ. ಬಿಸಿಲಿಗೆ ಹೆದರಲ್ಲ, ಬರಕ್ಕೆ ಹೆದರಲ್ಲ. ಅದಕ್ಕೆ ಆಗದೇ ಇರೋದು ಒಂದೇ, ಉಪಚಾರ. ದಿನಾ ಬುಡ ನೆನೆಸಿದರೆ ಬೇರು ಕೊಳೆತು, ಹೂವಿನ ಮಾತೇ ಮರೆತು, ಅಲ್ಲೇ ಪ್ರಾಣ ಬಿಡುತ್ತೆ.

ಶಿವಕ್ಕನಿಗೆ ಆ ಹೂವು ಯಾಕೆ ಬೇಕಿತ್ತು ಅನ್ನೋದನ್ನ ಹೇಳಲೇಬೇಕು. ದಾವಣಗೆರೆ ಕಡೆ ಪಾಡ್ಯದ ಬೆಳಿಗ್ಗೆ ಸಗಣಿಯಲ್ಲಿ ಹಟ್ಟಿಲಕ್ಕವ್ವನ್ನ ಮಾಡಿ, ತಲೆಗೆ ತಂಗಡಿ ಹೂ ಸಿಕ್ಕಿಸಿ, ಹೊಸ್ತಿಲಲ್ಲಿ ಕೂರಿಸುತ್ತಾರೆ. ಶಿವಕ್ಕನ ಅತ್ತೆ ಸಾಯೋ ಮುಂಚೆ ಒಂದು ಹಿತ್ತಾಳೆ ದೀಪವನ್ನ ಹಿರೀ ಸೊಸೆ ಕೈಗೆ ಕೊಟ್ಟು, "ಹೂ ಇದ್ದಲ್ಲಿ ಲಕ್ಕವ್ವ, ಲಕ್ಕವ್ವ ಇದ್ದಲ್ಲಿ ಈ ದೀಪ, ದೀಪ ಇದ್ದಲ್ಲಿ ಎಲ್ಲರೂ ಸೇರಬೇಕು" ಅಂದಿದ್ದರು. ಗಂಡ ಶಿವಬಸಪ್ಪನಿಗೆ ಬೆಂಗಳೂರಿಗೆ ವರ್ಗವಾದಾಗ ಟ್ರಂಕಿನಲ್ಲಿ ದೀಪವೂ ಬಂತು. ಅವತ್ತಿನಿಂದ ಪ್ರತಿ ದೀಪಾವಳಿಗೂ ಮೈದುನಂದಿರು, ಅವರ ಹೆಂಡಿರು ಮಕ್ಕಳು ಎಲ್ಲಾ ರೈಲು ಹತ್ತಿ ರಾಜಾಜಿನಗರಕ್ಕೇ ಬರುತ್ತಿದ್ದರು. ಶಿವಕ್ಕನಿಗೆ ಮಕ್ಕಳಿಲ್ಲ. ವರ್ಷದಲ್ಲಿ ಆ ಒಂದು ಹಬ್ಬಕ್ಕೆ ಅವಳ ಹಾಲ್ ತುಂಬ ಮಕ್ಕಳು ಅಡ್ಡಾದಿಡ್ಡಿ ಮಲಗಿರುತ್ತಿದ್ದವು. ಅವನ್ನ ದಾಟಿಕೊಂಡು ನೀರೊಲೆಗೆ ಉರಿ ಹಾಕೋಕೆ ಹೋಗುವಾಗ ಅವಳಿಗೆ ಆಗುತ್ತಿದ್ದ ಸಂತೋಷ ಇದೆಯಲ್ಲ, ಅದನ್ನ ಅವಳು ಗಂಡನಿಗೂ ಬಾಯಿಬಿಟ್ಟು ಹೇಳಿದವಳಲ್ಲ.

ಮೊದಮೊದಲು ಹೂವಿಗೆ ಕಷ್ಟವಿರಲಿಲ್ಲ. ಮಾರೇನಹಳ್ಳಿ ಬಯಲಿಗೆ ಹೋದರೆ ಮಡಿಲು ತುಂಬ ಕಿತ್ತು ತರಬಹುದಿತ್ತು. ಆಮೇಲೆ ಬಯಲಿಗೆ ಸೈಟಿನ ಕಲ್ಲು ನೆಟ್ಟರು. ಶಿವಕ್ಕ ಆ ವರ್ಷವೇ ಒಣಗಿದ ಕಾಯಿ ತಂದು, ಬೀಜಾನ ಒರಳುಕಲ್ಲಿಗೆ ಉಜ್ಜಿ, ಕಾಂಪೌಂಡ್ ಬದಿಯ ಕಲ್ಲುಮಣ್ಣಿಗೆ ಹಾಕಿ, ಅದರ ಕಡೆ ತಿರುಗಿಯೂ ನೋಡದೆ ಸಾಕಿದಳು. ಗಿಡ ಬಂತು, ಹೂವು ಬರಲಿಲ್ಲ. ಹೋದ ದೀಪಾವಳಿಗೆ ನಾಯಂಡಹಳ್ಳಿ ತನಕ ಅಲೆದು ತಂದ ನಾಲ್ಕು ಬಾಡಿದ ಗೊಂಚಲೇ ಗತಿಯಾಯಿತು. ಅದನ್ನ ನೋಡಿ ಕಿರೀ ವಾರಗಿತ್ತಿ ಬಸವರಾಜೇಶ್ವರಿ ಮೂಗು ಮುರಿದಳು. "ಬರೋ ವರ್ಷ ಹೂವಿಲ್ಲ ಅಂದ್ರೆ ದೀಪ ನನ್ನ ಕೈಗೆ ಕೊಟ್ಬಿಡಕ್ಕಾ. ದಾವಣಗೇರಿಯಾಗ ಮನಿ ಹಿಂದೇ ಬೆಳೀತೈತಿ. ಎಲ್ಲಾರೂ ಅಲ್ಲೇ ಸೇರಿದ್ರಾತು" ಅಂದಳು. ಮೈದುನಂದಿರು ಬೇಡ ಅನ್ನಲಿಲ್ಲ. ಮಕ್ಕಳನ್ನ ಕಟ್ಟಿಕೊಂಡು ರೈಲಿನಲ್ಲಿ ಒದ್ದಾಡೋದು ಯಾರಿಗೆ ಬೇಕು?

ಹಾಗಾಗಿ ಗಿಡದ ಬುಡ ಒದ್ದೆ ಅಂದರೆ ಶಿವಕ್ಕನಿಗೆ ದೀಪವೇ ಕೈತಪ್ಪಿದ ಹಾಗೆ.

ಹೊಸದಾಗಿ ಕಾವೇರಿ ನೀರು ಬಂದ ಕಾಲ ಅದು. ಎಲ್ಲಾದರೂ ಪೈಪು ಒಡೆದಿದೆಯಾ ಅಂತ ನೋಡಿ ಅಂದಳು ಗಂಡನಿಗೆ. ಶಿವಬಸಪ್ಪ ಸರ್ಕಾರಿ ಕಚೇರಿಯ ಸೂಪರಿಂಟೆಂಡೆಂಟು. ಯಾವ ವಿಷಯವನ್ನೂ ಸಣ್ಣದಾಗಿ ನೋಡಿ ಅಭ್ಯಾಸವಿಲ್ಲ. ಪಂಚೆ ಎತ್ತಿಕಟ್ಟಿ, ಮಣ್ಣು ಮುಟ್ಟಿ, ಮೂಸಿ, ಕಣ್ಣಿಗೊತ್ತಿಕೊಂಡ.

"ಇದು ಪೈಪಲ್ಲ ಕಣೇ. ಒರತೆ! ನಮ್ಮನೆ ಕಾಂಪೌಂಡಿನಾಗೆ ಗಂಗವ್ವ ಉದ್ಭವ ಆಗ್ಯಾಳೆ."

"ಸುಮ್ನಿರ್ರೀ, ಯಾರಾದ್ರೂ ಕೇಳಿಸ್ಕಂಡಾರು."

ಕೇಳಿಸಿಕೊಂಡೇಬಿಟ್ಟರು. ಹಾಲು ಕರೆಯೋಕೆ ಹಸು ಹೊಡಕೊಂಡು ಬಂದಿದ್ದ ಮುನಿರಾಮಯ್ಯ ಗೇಟಿನಲ್ಲೇ ಚಪ್ಪಲಿ ಬಿಟ್ಟು ಅಡ್ಡಬಿದ್ದ. ಅವನು ದಿನಾ ಹೋಗುವ ಮನೆಗಳಿಗೆಲ್ಲ ಹಾಲಿನ ಜೊತೆಗೆ ಗಂಗೆಯ ಸುದ್ದಿಯನ್ನೂ ಅಳೆದು ಹಾಕಿದ. ಸಾಯಂಕಾಲಕ್ಕೆ ಜನವೋ ಜನ. ಎದುರು ಮನೆಯ ಕೋಕಿಲಾ, ಟೆಲಿಫೋನ್ ಎಕ್ಸ್‌ಚೇಂಜಿನ ಹುಡುಗಿ, ಗಿಡಕ್ಕೆ ಅರಿಸಿನ ಕುಂಕುಮ ಹಚ್ಚಿದಳು. ಮಹಾಲಕ್ಷ್ಮಿ ಲೇಔಟಿನಿಂದ ಯಾರೋ ಭಜನೆ ಮಂಡಳಿಯವರು ತಾಳ ಸಮೇತ ಬಂದರು. ಬಂದವರು ಬರಿಗೈಲಿ ಬರ್ತಾರಾ? ಗಂಗೆಗೆ ಪೂಜೆ ಅಂದ ಮೇಲೆ ಅಭಿಷೇಕ ಬೇಡವಾ? ಒಬ್ಬೊಬ್ಬರೂ ಒಂದೊಂದು ತಂಬಿಗೆ ನೀರು ತಂದು ಒರತೆಗೆ ಸುರಿದರು. ಸುರಿದ ನೀರು ಉಕ್ಕಿ ಮೇಲೆ ಬಂತು. ಗಂಗೆ ಉಕ್ಕಿದಳು ಅಂತ ಕೈ ಮುಗಿದು, ಇನ್ನೊಂದು ತಂಬಿಗೆ ತಂದರು.

ಶಿವಕ್ಕ ತಲೆ ಮೇಲೆ ಕೈ ಹೊತ್ತು ಕೂತಳು. ಗಂಡ ಮಾತ್ರ ಬಂದವರಿಗೆಲ್ಲ ಒರತೆಯ ಮಹಿಮೆ ಹೇಳುತ್ತಾ, ಪಕ್ಕದಲ್ಲಿ ಒಂದು ಸಣ್ಣ ಕಟ್ಟೆ ಕಟ್ಟಿಸಿದರೆ ಹೇಗೆ ಅಂತ ಯೋಚನೆ ಮಾಡುತ್ತಿದ್ದ. ಈ ಗಂಡಸರಿಗೆ ಬುದ್ಧಿ ಯಾವಾಗ ಬರುತ್ತೋ ಶಿವನೇ ಬಲ್ಲ.

ಮಾರನೆಯ ದಿನ ಅವಳು ಕೋಳಿ ಕೂಗೋ ಮುಂಚೆ ಎದ್ದು ತುಳಸಿಕಟ್ಟೆ ಹಿಂದೆ ಕುಕ್ಕರುಗಾಲಲ್ಲಿ ಕೂತಳು. ಬೆಳಕು ಹರಿಯಿತು. ಪಕ್ಕದ ಮನೆಯಲ್ಲಿ ನಲ್ಲಿ ಸೊರ್ ಅಂತು. ಕಾಂಪೌಂಡ್ ಗೋಡೆ ಮೇಲೆ ಮೊದಲು ತಾಮ್ರದ ಕೊಳಗ ಕಾಣಿಸಿತು, ಅದರ ಹಿಂದೆ ಬಳೆ ತೊಟ್ಟ ಎರಡು ಕೈ, ಅದರ ಹಿಂದೆ ಅಲಮೇಲಮ್ಮನ ಮುಖ. ಕೊಳಗ ಬಗ್ಗಿತು. ನೀರು ದಬದಬ ಅಂತ ತಂಗಡಿ ಬುಡಕ್ಕೆ ಬಿತ್ತು.

"ಯವ್ವಾ! ನೀವಾ?"

ಅಲಮೇಲಮ್ಮ ಬೆಚ್ಚಿಬಿದ್ದು ಕೊಳಗ ಕೈಬಿಟ್ಟರು. ಅವರು ನಿವೃತ್ತ ಹೆಡ್‌ಮಾಸ್ಟರು ಸೇತುರಾಮಯ್ಯಂಗಾರ್ಯರ ಹೆಂಡತಿ. ಮಹಾ ಮಡಿ. ಇಷ್ಟು ವರ್ಷ ಅಕ್ಕಪಕ್ಕ ಇದ್ದರೂ ಶಿವಕ್ಕ ಅವರ ಮನೆಯ ಹಾಲ್ ದಾಟಿ ಒಳಗೆ ಕಾಲಿಟ್ಟವಳಲ್ಲ. ಅವರು ಕರೆದಿರಲಿಲ್ಲ, ಇವಳು ಹೋಗಿರಲಿಲ್ಲ, ಇಬ್ಬರೂ ಅದರ ಮಾತೆತ್ತಿರಲಿಲ್ಲ.

"ಹೊಸ ನೀರು ಹಿಡಿಯೋ ಮುಂಚೆ ನಿನ್ನೆ ನೀರು ಚೆಲ್ಲಬೇಡ್ವೇನ್ರೀ? ಹಳೇ ನೀರು ಮಡಿಗೆ ಬರುತ್ಯೇ?" ಅಂದರು ಅಲಮೇಲಮ್ಮ. ಆಮೇಲೆ ಅವರಿಗೂ ಸಿಟ್ಟು ಬಂತು. "ಅಲ್ಲಾ, ಚರಂಡಿಗೆ ಚೆಲ್ಲೋ ಬದಲು ಪಾಪ ಆ ಗಿಡಕ್ಕೆ ಹಾಕಿದ್ರೆ ನಿಮಗೇನ್ ನಷ್ಟ? ನಾನೂ ನೋಡ್ತಾನೇ ಇದೀನಿ. ಸುತ್ತ ಎಲ್ಲಾ ಗಿಡಕ್ಕೂ ನೀರು ಹಾಕ್ತೀರಿ, ಅದೊಂದನ್ನ ಮಾತ್ರ ಮಲಮಗು ಥರ ಒಣಗಿಸ್ತಾ ಇದೀರಿ. ನನಗೆ ಕರುಳು ಚುರುಕ್ ಅನ್ನತ್ತೆ. ನೀರು ಹಾಕದೆ ಬರೋ ಪಾಪ ನಿಮಗೆ ತಟ್ಟದೇ ಇರಲಿ ಅಂತಾನೇ ನಾನು ಹಾಕ್ತಾ ಇದ್ದಿದ್ದು."

"ಅದಕ್ಕೆ ನೀರು ಆಗಂಗಿಲ್ರೀ! ನೀರು ಹಾಕಿದ್ರೆ ಸಾಯ್ತೈತಿ!"

"ನೀರು ಹಾಕಿದ್ರೆ ಸಾಯೋ ಗಿಡ ಎಲ್ಲಾದ್ರೂ ಉಂಟೇ? ಯಾರಿಗೆ ಹೇಳ್ತೀರಿ!"

ಈಯಮ್ಮನಿಗೆ ಬೇರಿನ ವಿಷಯ ಹೇಳಿ ಪ್ರಯೋಜನವಿಲ್ಲ. ಗಂಗೆಗೆ ಅಭಿಷೇಕ ಮಾಡೋ ರಸ್ತೆ ಪೂರ್ತಿ ಜನಕ್ಕೆ ಹೇಳಿಯೂ ಪ್ರಯೋಜನವಿಲ್ಲ. ಅವಳಿಗೆ ತಟ್ಟನೆ ಜ್ಯೇಷ್ಠ ಮಾಸದ ಒಂದು ಮಧ್ಯಾಹ್ನ ನೆನಪಾಯಿತು. ಉರಿಬಿಸಿಲಲ್ಲಿ ಒಂದು ಲೋಟ ಮಜ್ಜಿಗೆ ಹಿಡಿದುಕೊಂಡು ಹೋಗಿ ಕೊಟ್ಟರೆ ಅಲಮೇಲಮ್ಮ ಹಾವು ತುಳಿದವರ ಹಾಗೆ ಹಿಂದೆ ಸರಿದು, "ಇವತ್ತು ನಿರ್ಜಲ ಏಕಾದಶಿ! ಒಂದು ತೊಟ್ಟು ನೀರೂ ಇಲ್ಲ! ಕೊಟ್ಟವರಿಗೂ ಪಾಪ!" ಅಂದಿದ್ದರು.

"ಅಲಮೇಲಮ್ಮನೋರೇ," ಅಂದಳು ಶಿವಕ್ಕ, ಸೆರಗು ಸರಿಮಾಡಿಕೊಂಡು. "ಹೇಳಬಾರದು ಅಂತಿದ್ದೆ. ಆ ಗಿಡ ವ್ರತ ಹಿಡಿದೈತ್ರಿ."

"ಏನು?"

"ನಿರ್ಜಲ ವ್ರತ. ಪಾಡ್ಯದ ತನಕ. ಲಕ್ಕವ್ವನ ಹೂವಿನ ಗಿಡ ಅಲ್ರೀ ಅದು? ನೀವು ದಿನಾ ಅದರ ಉಪವಾಸ ಕೆಡಿಸ್ತಾ ಇದೀರಿ."

ಸುಳ್ಳು. ಹಸೀ ಸುಳ್ಳು. ಇಷ್ಟಲಿಂಗ ಕಟ್ಟಿಕೊಂಡ ಮನೆಯವಳು, ಏಕಾದಶಿಯ ದಿನ ರೊಟ್ಟಿ ಬಡಿದು ತಿನ್ನುವವಳು, ಒಂದು ಗಿಡಕ್ಕೆ ಏಕಾದಶಿ ಹಚ್ಚಿದಳು. ಅಲಮೇಲಮ್ಮನ ಮುಖ ಬಿಳಿಚಿಹೋಯಿತು. "ಪೆರುಮಾಳೇ, ಎಂಥಾ ಕೆಲಸ ಮಾಡಿಬಿಟ್ಟೆ!" ಅಂತ ಗಲ್ಲ ಗಲ್ಲ ಬಡಿದುಕೊಂಡರು.

ಆಮೇಲೆ ಶಿವಕ್ಕ ಏನೂ ಮಾಡಬೇಕಾಗಲಿಲ್ಲ. ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಅಲಮೇಲಮ್ಮ ತಾವೇ ಕಾವಲಿಗೆ ನಿಂತರು. ತಂಬಿಗೆ ಹಿಡಿದು ಬಂದವರನ್ನೆಲ್ಲ ಗೇಟಿನಲ್ಲೇ ತಡೆದು, "ಉಪವಾಸದಲ್ಲಿದೆ, ಬಾಯಿಗೆ ನೀರು ಹಾಕ್ತೀರಾ?" ಅಂತ ಗದರಿದರು. ಗಂಗವ್ವ ಎಲ್ಲಿ ಅಂದವರಿಗೆ ಶಿವಬಸಪ್ಪನೇ ಸಮಾಧಾನ ಹೇಳಿದ: ಗಿಡ ವ್ರತದಲ್ಲಿರೋದರಿಂದ ಗಂಗವ್ವ ಮರ್ಯಾದೆಗೆ ಒಂದು ಹೆಜ್ಜೆ ಹಿಂದೆ ಸರಿದಿದ್ದಾಳೆ. ಜನ ಒಪ್ಪಿದರು. ಕೋಕಿಲಾ ಆ ಗಿಡದ ಮುಂದೆ ತಿಂಡಿ ತಿನ್ನೋದನ್ನೂ ಬಿಟ್ಟಳು, ಪಾಪ ಹಸಿದಿರುತ್ತೆ ಅಂತ.

ಮಣ್ಣು ಒಣಗಿತು. ಬಿರುಕು ಬಿಟ್ಟಿತು. ಶಿವಕ್ಕನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹಳದಿ ಎಲೆ ಉದುರಿ ಹಸಿರು ಚಿಗುರಿತು. ದೀಪಾವಳಿಯ ವಾರಕ್ಕೆ ಸರಿಯಾಗಿ ತುದಿತುದಿಯಲ್ಲಿ ಮೊಗ್ಗಿನ ಗೊಂಚಲು ಕಾಣಿಸಿಕೊಂಡವು.

ಆಗ ಹಿಡಿಯಿತು ನೋಡಿ ಮಳೆ.

ಒಂದೆರಡು ದಿನದ ಮಳೆಗೆ ತಂಗಡಿಗೆ ಏನೂ ಆಗಲ್ಲ. ಬಯಲಲ್ಲಿ ಅದಕ್ಕೆ ಯಾರು ಕೊಡೆ ಹಿಡೀತಾರೆ? ಶಿವಕ್ಕ ನಿಶ್ಚಿಂತೆಯಿಂದ ಒಳಗೆ ಕರ್ಜಿಕಾಯಿ ಹಿಟ್ಟು ನಾದುತ್ತಿದ್ದಳು. ಹೊರಗೆ ಸೀಟಿ ಊದಿದ ಸದ್ದು ಕೇಳಿ ಬಂದು ನೋಡಿದರೆ, ಸೇತುರಾಮಯ್ಯಂಗಾರ್ಯರು ಶಾಲೆಯ ಹಳೇ ಸೀಟಿ ಕೊರಳಿಗೆ ಹಾಕಿಕೊಂಡು, ಕರೀ ಕೊಡೆ ಬಿಚ್ಚಿ, ಗಿಡದ ಮೇಲೆ ಹಿಡಿದು ನಿಂತಿದ್ದಾರೆ.

"ಇದ್ಯಾಕ್ರೀ ಮೇಷ್ಟ್ರೇ?"

"ವ್ರತಭಂಗ ಆಗಲ್ವೇನಮ್ಮಾ? ಇಷ್ಟು ದಿನ ಇದ್ದು ಕೊನೇಲಿ ನೀರು ಕುಡಿದುಬಿಟ್ರೆ ಏನು ಬಂತು!"

ಮಳೆಗೆ ಏನೂ ಆಗಲ್ಲ ಅನ್ನೋಣ ಅಂದರೆ, ಹಾಗಾದರೆ ವ್ರತ ಎಲ್ಲಿಯದು ಅಂತಾರೆ. ಮೇಷ್ಟ್ರು ರಸ್ತೆಯವರನ್ನೆಲ್ಲ ಪಾಳಿಗೆ ಹಾಕಿದರು. ಶಾಮಿಯಾನ ಹಾಕೋಣ ಅಂದ ಶಿವಬಸಪ್ಪನಿಗೆ, "ಅನ್ನ ನೀರು ಇಲ್ಲದ ಪ್ರಾಣಿಗೆ ಬಿಸಿಲನ್ನೂ ತಪ್ಪಿಸ್ತೀರೇನ್ರೀ?" ಅಂತ ಬೈದರು. ಸೀಟಿ ಊದಿದರೆ ಒಬ್ಬರು ಹೋಗಿ ಇನ್ನೊಬ್ಬರು ಬರಬೇಕು. ಕೋಕಿಲಾ ಡ್ಯೂಟಿ ಮುಗಿಸಿ ಬಂದವಳು ನೆಟ್ಟಗೆ ಕೊಡೆ ಹಿಡಿದು ನಿಂತಳು. ಮುನಿರಾಮಯ್ಯ ಗೋಣಿಚೀಲ ತಲೆಗೆ ಹಾಕಿಕೊಂಡು, ತನ್ನ ಕೊಡೆಯನ್ನ ಗಿಡಕ್ಕೆ ಕೊಟ್ಟು, ತಾನು ನೆನೆದ. ಹಸುವೂ ನೆನೆಯಿತು. ಎಲ್ಲರೂ ಸೀನುತ್ತಿದ್ದರು. ಶಿವಕ್ಕ ನಾಚಿಕೆಯಿಂದ ಕುಗ್ಗಿಹೋಗಿ ಎಲ್ಲರಿಗೂ ಶುಂಠಿ ಕಷಾಯ ಕಾಸಿ ಕಾಸಿ ಕೊಟ್ಟಳು. ಗಿಡದ ಮುಂದೆ ಕುಡಿಯಬಾರದು ಅಂತ ಅವರು ಒಬ್ಬೊಬ್ಬರಾಗಿ ಮನೆ ಹಿಂದಕ್ಕೆ ಹೋಗಿ ಕುಡಿದು ಬಂದರು.

ಆ ಮಳೆಯಲ್ಲೇ ಆಟೋ ಬಂದು ನಿಂತಿತು. ಹಿಂದೆ ಇನ್ನೊಂದು. ಮೈದುನಂದಿರು, ಮಕ್ಕಳು, ಗಂಟುಮೂಟೆ, ಕೊನೆಗೆ ಬಸವರಾಜೇಶ್ವರಿ. ಅವಳು ಗೇಟು ಹಿಡಿದುಕೊಂಡು, ಒಂದು ಗಿಡದ ಸುತ್ತ ಮಳೆಯಲ್ಲಿ ಕೊಡೆ ಹಿಡಿದು ನಿಂತ ಜನವನ್ನ ನೋಡಿದಳು.

"ಯಾರಾರ ತೀರ್ಕಂಡ್ರೇನಕ್ಕಾ?"

"ಇಲ್ಲ ಬಾರೇ ಒಳಗ. ತಂಗಡಿ ಹೂ ಬಿಟ್ಟೈತಿ ನೋಡು."

ಬಿಟ್ಟಿತ್ತು ಕಣ್ರೀ! ಕೊಡೆಗಳ ಕೆಳಗೆ, ಅರಿಸಿನ ಚೆಲ್ಲಿದ ಹಾಗೆ, ಮೊದಲ ಗೊಂಚಲು ಅರಳಿತ್ತು. ಬಸವರಾಜೇಶ್ವರಿ ನೋಡಿದಳು, ತನ್ನ ಕೈಚೀಲವನ್ನ ಎದೆಗೆ ಒತ್ತಿಕೊಂಡು ಒಳಗೆ ಹೋದಳು. ಅವತ್ತು ಮಕ್ಕಳು ಹಾಲ್ ತುಂಬ ಮಲಗಿದವು. ಇನ್ನು ದೀಪ ಎಲ್ಲೂ ಹೋಗಲ್ಲ ಅಂತ ಶಿವಕ್ಕ ನೆಮ್ಮದಿಯಾಗಿ ಕಣ್ಣು ಮುಚ್ಚಿದಳು.

ಪಾಡ್ಯದ ಬೆಳಿಗ್ಗೆ ಮಳೆ ನಿಂತಿತ್ತು. ಶಿವಕ್ಕ ಮಿಂದು, ಮುನಿರಾಮಯ್ಯ ತಂದುಕೊಟ್ಟ ಸಗಣಿಯಲ್ಲಿ ಲಕ್ಕವ್ವಗಳನ್ನ ಮಾಡಿ ಬುಟ್ಟಿಯಲ್ಲಿ ಜೋಡಿಸಿ, ಹೂ ಕೀಳೋಕೆ ಹೊರಗೆ ಬಂದಳು.

ಗಿಡದಲ್ಲಿ ಹೂವಿರಲಿಲ್ಲ. ಒಂದೂ ಇರಲಿಲ್ಲ. ಮೊಗ್ಗೂ ಇರಲಿಲ್ಲ. ಗೊಂಚಲು ಗೊಂಚಲೇ ಚಿವುಟಿದ್ದರು. ಬುಡದಲ್ಲಿ ಬಗೆಬಗೆಯ ಹೆಜ್ಜೆ ಗುರುತು, ಗೋಡೆಗೆ ಒರಗಿಸಿ ಮರೆತುಹೋದ ಒಂದು ಕೊಕ್ಕೆ ಕೋಲು.

ಅಷ್ಟರಲ್ಲಿ ಅಲಮೇಲಮ್ಮ ಗೋಡೆಯಾಚೆಯಿಂದ ಮುಖವರಳಿಸಿ ಹೇಳಿದರು. "ಶಿವಕ್ಕಾ, ಎಂಥಾ ಪುಣ್ಯದ ಹೂವು ಕಣ್ರೀ! ನಿರ್ಜಲ ಇದ್ದು ಬಿಟ್ಟ ಹೂವು! ನಮ್ಮ ಪೆರುಮಾಳಿಗೆ ಮೊದಲ ಗೊಂಚಲು ನಾನೇ ಏರಿಸಿದೆ. ಕೋಕಿಲಾನೂ ತಗೊಂಡ್ಲು. ಮುನಿರಾಮಯ್ಯ ಹಸುವಿನ ಕೊಂಬಿಗೆ ಕಟ್ಟಿದ. ಎಲ್ಲಾರೂ ಒಂದೊಂದೇ ಕಿತ್ಕೊಂಡ್ವಿ, ಜಾಸ್ತಿ ಕೀಳಲಿಲ್ಲ."

ಶಿವಕ್ಕ ಬುಟ್ಟಿ ಕೆಳಗಿಟ್ಟು ಅಲ್ಲೇ ಕೂತಳು. ಗಿಡ ಸಾಕಿದ್ದು, ಸುಳ್ಳು ಹೇಳಿದ್ದು, ಊರವರನ್ನ ಮಳೆಯಲ್ಲಿ ನಿಲ್ಲಿಸಿದ್ದು, ಎಲ್ಲಾ ಬಂದು ಈ ಬೋಳು ಗಿಡಕ್ಕೆ ನಿಂತಿತು. ದೇವರಿಗೆ ಏರಿಸಿದ ಹೂವನ್ನ ವಾಪಸ್ಸು ಕೇಳೋ ಹಾಗಿಲ್ಲ. ಬಾಗಿಲಲ್ಲಿ ಬಸವರಾಜೇಶ್ವರಿ ನಿಂತಿದ್ದಳು. ಅವಳ ಹಿಂದೆ ನಿದ್ದೆಗಣ್ಣಿನ ಮಕ್ಕಳು. ಶಿವಕ್ಕ ಮಕ್ಕಳನ್ನ ನೋಡಿ ಅತ್ತೇಬಿಟ್ಟಳು.

"ಹೂವಿಲ್ಲ ಕಣೇ. ದೀಪ ತಗಂಡ್ ಹೋಗು. ಅತ್ತಿ ಹೇಳಿದ್ದು ಅದೇ ಅಲ್ಲ, ಹೂ ಇದ್ದಲ್ಲಿ ಲಕ್ಕವ್ವ..." ಅಂದವಳು ತಟ್ಟನೆ ಮಾತು ನಿಲ್ಲಿಸಿ ಎದ್ದಳು. ಮೂಗು ಒರೆಸಿಕೊಂಡಳು. ಬಗ್ಗಿ ಬುಟ್ಟಿ ಎತ್ತಿ ಸೊಂಟಕ್ಕಿಟ್ಟಳು.

"ಎಲ್ಲಿಗಕ್ಕಾ?"

"ಹೂ ಎಲ್ಲೈತೋ ಅಲ್ಲಿಗೆ."

ಮೊದಲು ಹೋಗಿದ್ದು ಪಕ್ಕದ ಮನೆಗೆ. ಹಾಲ್‌ನಲ್ಲಿ ನಿಂತು ಶಿವಕ್ಕ ವಿಷಯ ಹೇಳಿದಳು. ಹೂವಿರೋ ಮನೆಯ ಹೊಸ್ತಿಲಲ್ಲಿ ಲಕ್ಕವ್ವ ಕೂರಬೇಕು, ನಿಮ್ಮ ಹೂವು ದೇವರ ಮನೆಯಲ್ಲಿದೆ. ಹೇಳಿದ ಮೇಲೆ ಅವಳಿಗೇ ಭಯವಾಯಿತು. ಅಲಮೇಲಮ್ಮ ಬುಟ್ಟಿ ನೋಡಿದರು, ಒಳಗಿನ ದೇವರ ಮನೆ ನೋಡಿದರು, ಅಲ್ಲಿವರೆಗಿನ ನೆಲ ನೋಡಿದರು.

"ಗೋಮಯ ತಾನೇ," ಅಂದರು ಕೊನೆಗೆ. ಸ್ವರ ಸಣ್ಣದಾಗಿತ್ತು. "ಒಳಗೆ ಬನ್ನಿ ಶಿವಕ್ಕಾ."

ಶಿವಕ್ಕ ಹಾಲ್ ದಾಟಿ ಒಳಗೆ ಹೋದಳು. ಪೆರುಮಾಳಿನ ತಲೆ ಮೇಲೆ ಹಳದಿ ಗೊಂಚಲು ನಗುತ್ತಿತ್ತು. ದೇವರ ಮನೆಯ ಹೊಸ್ತಿಲಲ್ಲಿ ಸಗಣಿಯ ಲಕ್ಕವ್ವ ಕೂತಳು. ಸೇತುರಾಮಯ್ಯಂಗಾರ್ಯರು ಎದ್ದು ನಿಂತು ಕೈ ಮುಗಿದರು.

ಆಮೇಲೆ ಕೋಕಿಲಾ ಮನೆ. ಆಮೇಲೆ ಅದರಾಚೆಯ ಮನೆ. ಮಕ್ಕಳು ಹಿಂದೆ ಹಿಂದೆ ಓಡಿಬಂದು ಒಂದೊಂದು ಮನೆಯಲ್ಲೂ ಕೊಟ್ಟಿದ್ದನ್ನೆಲ್ಲ ತಿಂದವು. ಮುನಿರಾಮಯ್ಯನ ಹಸುವಿಗೆ ಹೊಸ್ತಿಲು ಇಲ್ಲದ್ದಕ್ಕೆ ಅದರ ಮುಂಗಾಲ ಹತ್ತಿರವೇ ಲಕ್ಕವ್ವನ್ನ ಇಟ್ಟರು. ಹಸು ತನ್ನದೇ ಸಗಣಿಯನ್ನ ಮೂಸಿ ನೋಡಿ ಸುಮ್ಮನೆ ನಿಂತಿತು. ಯಾವಾಗಲೋ ಬಸವರಾಜೇಶ್ವರಿ ಬುಟ್ಟಿಯನ್ನ ತನ್ನ ಸೊಂಟಕ್ಕೆ ತಗೊಂಡಿದ್ದಳು. ಎಲ್ಲಾ ಮುಗಿಸಿ ಮನೆಗೆ ಬಂದಾಗ ಅದರಲ್ಲಿ ಒಬ್ಬಳೇ ಲಕ್ಕವ್ವ ಉಳಿದಿದ್ದಳು, ಈ ಮನೆಯವಳು. ಇವಳಿಗೆ ಹೂವಿರಲಿಲ್ಲ.

ಬಸವರಾಜೇಶ್ವರಿ ಒಳಗೆ ಹೋಗಿ ಕೈಚೀಲ ತಂದಳು. ಒದ್ದೆ ಬಟ್ಟೆಯ ಗಂಟು ಬಿಚ್ಚಿದಳು. ಒಳಗೆ ದಾವಣಗೆರೆಯ ತಂಗಡಿ, ಒಂದು ಗೊಂಚಲು.

"ನಿನ್ನ ಮುಂದ ಇಟ್ಟು ದೀಪ ಕೇಳಾಣ ಅಂತ ತಂದಿದ್ದೆ ಅಕ್ಕಾ," ಅಂದಳು. ಕಣ್ಣೆತ್ತಿ ನೋಡಲಿಲ್ಲ. "ನನ್ನ ಹೊಟ್ಟಿಕಿಚ್ಚಿಗಿಷ್ಟು. ಈಗ ದೀಪ ಎಲ್ಲಿಗಂತ ಒಯ್ಯಲಿ? ಲಕ್ಕವ್ವ ಬೀದಿ ತುಂಬ ಕುಂತಾಳೆ."

ಗೊಂಚಲನ್ನ ಸಗಣಿಗೆ ಸಿಕ್ಕಿಸಿ, ಹೊಸ್ತಿಲಲ್ಲಿಟ್ಟು, ಅತ್ತೆಯ ದೀಪವನ್ನ ತಾನೇ ಹಚ್ಚಿದಳು. ಶಿವಕ್ಕ ವಾರಗಿತ್ತಿಯ ಭುಜ ಹಿಡಿದುಕೊಂಡು ನಿಂತಳು.

ಗೇಟಿನಲ್ಲಿ ಗದ್ದಲವಾಯಿತು. ಅಲಮೇಲಮ್ಮ ತಾಮ್ರದ ಕೊಳಗ ಹೊತ್ತು ಬಂದಿದ್ದರು, ನೀರಿನಲ್ಲಿ ತುಳಸಿ ದಳ ತೇಲುತ್ತಿತ್ತು. ಹಿಂದೆ ರಸ್ತೆಯವರೆಲ್ಲ ತಂಬಿಗೆ, ಚೊಂಬು, ಬಕೆಟ್ಟು ಹಿಡಿದು ಸಾಲಾಗಿ ನಿಂತಿದ್ದರು. ಮೇಷ್ಟ್ರ ಬಾಯಲ್ಲಿ ಸೀಟಿ.

"ವ್ರತ ಮುಗೀತಲ್ಲ ಶಿವಕ್ಕಾ. ಪಾರಣೆ ಬೇಡ್ವೇ? ಪಾಪ, ಎಷ್ಟು ದಿನದ ಬಾಯಾರಿಕೆ!"

ಶಿವಕ್ಕ ಬೋಳು ಗಿಡವನ್ನ ನೋಡಿದಳು, ಆ ಸಾಲನ್ನ ನೋಡಿದಳು. ನೆಗಡಿಯಲ್ಲಿ ಎಲ್ಲರ ಮೂಗೂ ಕೆಂಪಾಗಿತ್ತು.

"ಹಾಕ್ರಿ," ಅಂದಳು, ಕಣ್ಣೊರೆಸಿಕೊಂಡು. "ಸತ್ರೆ ಸಾಯ್ಲಿ, ಇನ್ನೊಂದು ಬೆಳೆಸಿದ್ರಾತು."